ಮಾದರಿ ವಿಮಾನದ ಚಿಕ್ಕ ಎಂಜಿನ್‌ಗಳ ಇಂಧನ ಮತ್ತು ಕೀಲೆಣ್ಣೆ: ಒಂದೇ ಡಬ್ಬ ಎಲ್ಲಕ್ಕೂ ಸಾಕೇ?

ನೀಲಿರೆಕ್ಕೆ:

ಬಲ್ಲವರೆಲ್ಲರಿಗೂ ನಮಸ್ಕಾರ. ನನ್ನ ಬಳಿ ಈಗ ಮೂರು ಎಂಜಿನ್‌ಗಳಿವೆ. ಮೊದಲನೆಯದು 2.5 ಸಿಸಿಯ ಹಳೆಯ ಗ್ಲೋ ಎಂಜಿನ್ (ಕಿಡಿಯ ಬದಲು ಕೆಂಪಗೆ ಕಾದ ಸುರುಳಿಯಿಂದ ಇಂಧನ ಹೊತ್ತಿಸುವಂಥದ್ದು). ಅದರ ಪಿಸ್ಟನ್ ಎರಕದ ಕಬ್ಬಿಣದ್ದು, ಸಿಲಿಂಡರ್ ಉಕ್ಕಿನದು, ಕ್ರ್ಯಾಂಕ್ ಶಾಫ್ಟ್ ತಿರುಗುವುದು ಕಂಚಿನ ಬುಷ್‌ನೊಳಗೆ, ಅಂದರೆ ಗುಂಡುಗಳಿಲ್ಲದ ಬರೀ ಕೊಳವೆಯಂಥ ಬೇರಿಂಗಿನೊಳಗೆ. ಎರಡನೆಯದು ಎರಡು ಬಾಲ್ ಬೇರಿಂಗ್‌ಗಳಿರುವ 7.5 ಸಿಸಿಯ ಟೂ-ಸ್ಟ್ರೋಕ್. ಅದು ಎಬಿಸಿ ಮಾದರಿಯದು, ಅಂದರೆ ಅಲ್ಯೂಮಿನಿಯಂ ಪಿಸ್ಟನ್ ಮತ್ತು ಕ್ರೋಮ್ ಲೇಪಿಸಿದ ಹಿತ್ತಾಳೆಯ ಲೈನರ್ ಇರುವಂಥದ್ದು. ಮೂರನೆಯದು 8.5 ಸಿಸಿಯ ಫೋರ್-ಸ್ಟ್ರೋಕ್.

ನಾನು ತಂದಿಟ್ಟುಕೊಂಡಿರುವ ಸಿದ್ಧ ಇಂಧನದ ಡಬ್ಬದ ಮೇಲೆ ನೈಟ್ರೋ (ನೈಟ್ರೋಮೀಥೇನ್) ಶೇ 10, ಎಣ್ಣೆ ಶೇ 18, ಪೂರ್ತಿ ಸಿಂಥೆಟಿಕ್ ಎಂದು ಬರೆದಿದೆ. ಇದನ್ನೇ ಮೂರಕ್ಕೂ ಹಾಕಬಹುದೇ? ಹರಳೆಣ್ಣೆ ಹಳೆಯ ಕಾಲದ್ದು, ಅದು ಎಂಜಿನ್ನಿನೊಳಗೆಲ್ಲ ಕಂದು ಬಣ್ಣದ ಅಂಟು ಹಿಡಿಸುತ್ತದೆ ಎಂದು ಕೆಲವರು ಹೇಳುತ್ತಾರೆ. ಹರಳೆಣ್ಣೆ ಇಲ್ಲದಿದ್ದರೆ ಎಂಜಿನ್ ಉಳಿಯುವುದೇ ಇಲ್ಲ ಎಂದು ಇನ್ನು ಕೆಲವರು ಅಷ್ಟೇ ಖಚಿತವಾಗಿ ಹೇಳುತ್ತಾರೆ. ಯಾರ ಮಾತು ಸರಿ ಎನ್ನುವುದಕ್ಕಿಂತ, ಯಾವ ಕಾರಣಕ್ಕೆ ಸರಿ ಎಂದು ತಿಳಿಯುವ ಆಸೆ ನನಗಿದೆ.

ಕಂಚಿನಬುಷ್:

ನೀಲಿರೆಕ್ಕೆಯವರೇ, ನಿಮ್ಮ ಪ್ರಶ್ನೆಗೆ ಮೊದಲು ನೇರ ಉತ್ತರ: ಆ ಡಬ್ಬವನ್ನು ಇದ್ದ ಹಾಗೆಯೇ ಹಳೆಯ 2.5 ಸಿಸಿ ಎಂಜಿನ್ನಿಗೆ ದಯವಿಟ್ಟು ಹಾಕಬೇಡಿ. ಉಳಿದೆರಡಕ್ಕೆ ಹಾಕಬಹುದು, ಆದರೆ ಅದರಲ್ಲೂ ಒಂದು ಚಿಕ್ಕ ತಿದ್ದುಪಡಿ ಒಳ್ಳೆಯದು. ಕಾರಣವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಎಣ್ಣೆಯ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಡಬ್ಬದ ಹೆಸರಾಗಲಿ ಅದರಲ್ಲಿರುವ ನೈಟ್ರೋ ಪ್ರಮಾಣವಾಗಲಿ ಅಲ್ಲ, ಎಂಜಿನ್ನಿನ ಒಳಗಿನ ಕಟ್ಟೋಣ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಟೂ-ಸ್ಟ್ರೋಕ್ ಗ್ಲೋ ಎಂಜಿನ್ನಿಗೆ ಎಣ್ಣೆಯ ತೊಟ್ಟಿ ಇಲ್ಲ, ಪಂಪ್ ಇಲ್ಲ. ಇಂಧನದ ಜೊತೆ ಒಳಗೆ ಹೋದ ಎಣ್ಣೆ ಮಾತ್ರವೇ ಅದರ ಪಾಲಿಗೆ ಇರುವ ಕೀಲೆಣ್ಣೆ. ಅದು ಕ್ರ್ಯಾಂಕ್ ಕೇಸಿನಲ್ಲಿ ಬೇರಿಂಗ್ ಮತ್ತು ಕನೆಕ್ಟಿಂಗ್ ರಾಡನ್ನು ತೊಯ್ಯಿಸಿ, ಮೇಲೇರಿ ಪಿಸ್ಟನ್ ಗೋಡೆಯನ್ನು ತೊಯ್ಯಿಸಿ, ಬಹುಪಾಲು ಸುಡದೆಯೇ ಮಫ್ಲರ್ ಮೂಲಕ ಹೊರಬೀಳುತ್ತದೆ. ಹಾರಾಟ ಮುಗಿದ ಮೇಲೆ ರೆಕ್ಕೆಯ ಮೇಲೆಲ್ಲ ಒರೆಸಿ ತೆಗೆಯುವ ಆ ಎಣ್ಣೆ ವ್ಯರ್ಥವಾದದ್ದಲ್ಲ. ಸವೆತವನ್ನು ತಡೆಯುವುದರ ಜೊತೆಗೆ ಅದು ಪಿಸ್ಟನ್ನಿನ ಶಾಖವನ್ನೂ ತನ್ನೊಡನೆ ಹೊತ್ತುಕೊಂಡು ಹೊರಗೆ ಬಂದಿರುತ್ತದೆ. ಆದ್ದರಿಂದ ಎಣ್ಣೆಯ ಗುಣ ಎಷ್ಟು ಮುಖ್ಯವೋ ಅದರ ಪ್ರಮಾಣವೂ ಅಷ್ಟೇ ಮುಖ್ಯ. ಉತ್ತಮ ಎಣ್ಣೆಯಾದರೆ ಕಡಿಮೆ ಹಾಕಿದರೂ ನಡೆಯುತ್ತದೆ ಎಂಬ ವಾದ ಶಾಖದ ವಿಷಯದಲ್ಲಿ ನಿಲ್ಲುವುದಿಲ್ಲ.

ಇನ್ನು ಹರಳೆಣ್ಣೆಯೇ ಏಕೆ ಎಂಬುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಗ್ಲೋ ಇಂಧನದ ಬಹುಪಾಲಾದ ಮೆಥನಾಲ್ ಎಂಬ ಆಲ್ಕೋಹಾಲ್‌ನಲ್ಲಿ ಅದು ಚೆನ್ನಾಗಿ ಕರಗುತ್ತದೆ. ಹರಳೆಣ್ಣೆಯ ಸುಮಾರು ಶೇ 90 ಭಾಗ ರಿಸಿನೋಲಿಕ್ ಆಮ್ಲದ ರೂಪದ್ದು, ಆ ಆಮ್ಲದ ಸರಪಳಿಯಲ್ಲಿ ಒಂದು ಹೈಡ್ರಾಕ್ಸಿಲ್ ಗುಂಪು ಇದೆ. ಆಲ್ಕೋಹಾಲ್‌ಗಳ ಜೊತೆ ಅದು ಹೊಂದಿಕೊಳ್ಳುವುದು ಆ ಗುಂಪಿನಿಂದ. ಸಾಮಾನ್ಯ ಖನಿಜ ತೈಲವನ್ನು ಮೆಥನಾಲ್‌ಗೆ ಹಾಕಿ ಎಷ್ಟು ಅಲುಗಾಡಿಸಿದರೂ ಅದು ಮತ್ತೆ ಬೇರ್ಪಟ್ಟು ನಿಲ್ಲುತ್ತದೆ. ಇದೇ ಗುಣದ ಇನ್ನೊಂದು ಮುಖವೂ ಇದೆ. ಹರಳೆಣ್ಣೆ ಪೆಟ್ರೋಲ್‌ನಲ್ಲಿ ಸುಲಭವಾಗಿ ಕರಗುವುದಿಲ್ಲ, ಹಾಗಾಗಿಯೇ ಮೊದಲ ಮಹಾಯುದ್ಧದ ಕಾಲದ ನೋಮ್, ಲ ರೋನ್ ಮುಂತಾದ ರೋಟರಿ ವಿಮಾನ ಎಂಜಿನ್‌ಗಳಲ್ಲಿ, ಕ್ರ್ಯಾಂಕ್ ಕೇಸಿನ ಮೂಲಕವೇ ಹಾದುಹೋಗುವ ಪೆಟ್ರೋಲ್ ಆವಿ ತೊಳೆದುಹಾಕದ ಕೀಲೆಣ್ಣೆಯಾಗಿ ಅದನ್ನು ಬಳಸುತ್ತಿದ್ದರು.

ಎರಡನೆಯ ಕಾರಣ ನಮಗೆ ಇನ್ನೂ ಮುಖ್ಯವಾದದ್ದು. ಎಂಜಿನ್ ಮಿತಿಮೀರಿ ಬಿಸಿಯಾದಾಗ ಅನೇಕ ಸಿಂಥೆಟಿಕ್ ಎಣ್ಣೆಗಳು ಲೋಹದ ಮೇಲಿನಿಂದ ಆವಿಯಾಗಿಯೋ ಸುಟ್ಟೋ ಹೋಗಿಬಿಡುತ್ತವೆ. ಹರಳೆಣ್ಣೆ ಹಾಗಲ್ಲ. ಅದರ ಅಣುಗಳು ಶಾಖಕ್ಕೆ ಒಂದಕ್ಕೊಂದು ಬೆಸೆದುಕೊಂಡು, ದಪ್ಪವಾಗಿ, ಲೋಹವನ್ನು ಅಪ್ಪಿ ಹಿಡಿಯುವ ಪದರವಾಗುತ್ತವೆ. ಜನ ದೂರುವ ಕಂದು ಅಂಟು ಇದೇ ಗುಣದಿಂದ ಹುಟ್ಟಿದ್ದು, ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಮಿಶ್ರಣ ಲೀನ್ ಆಗಿ (ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆಯಾಗಿ) ಎಂಜಿನ್ ಕುದಿಯುವಾಗ ಪಿಸ್ಟನ್ನನ್ನು ಕಾಪಾಡುವುದೂ ಇದೇ ಗುಣ.

ಈಗ ನಿಮ್ಮ ಹಳೆಯ ಎಂಜಿನ್ನಿಗೆ ಬರೋಣ. ಬುಷ್‌ನಲ್ಲಿ ಶಾಫ್ಟ್ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಆ ಪದರ ಹರಿದರೆ ಲೋಹಕ್ಕೆ ಲೋಹ ತಾಗುತ್ತದೆ. ಅದರ ಜೊತೆಗೆ ಕಬ್ಬಿಣದ ಪಿಸ್ಟನ್ನು ಉಕ್ಕಿನ ಸಿಲಿಂಡರಿನಲ್ಲಿ ರಿಂಗ್ ಇಲ್ಲದೆ, ಬರೀ ಉಜ್ಜಿ ಕೂರಿಸಿದ ಅಳತೆಯ ಬಲದ ಮೇಲೆ ಕಂಪ್ರೆಷನ್ ಹಿಡಿದುಕೊಳ್ಳುತ್ತದೆ. ಇಂಥ ಎಂಜಿನ್ನಿಗೆ ಒಟ್ಟು ಎಣ್ಣೆ ಶೇ 25ರ ಆಸುಪಾಸು, ಅದರಲ್ಲಿ ಕನಿಷ್ಠ ಅರ್ಧ, ಸಾಧ್ಯವಾದರೆ ಪೂರ್ತಿ ಹರಳೆಣ್ಣೆಯೇ ಇರಲಿ. ಆ ಕಾಲದ ಎಂಜಿನ್‌ಗಳನ್ನು ರೂಪಿಸಿದವರು ಅಷ್ಟು ಎಣ್ಣೆ ಇರುತ್ತದೆ ಎಂದು ನಂಬಿಯೇ ಬುಷ್‌ನ ಸಡಿಲವನ್ನು ಇಟ್ಟಿದ್ದರು. ಕಾಕ್ಸ್ ಕಂಪನಿಯ 0.8 ಸಿಸಿ ಪುಟಾಣಿ ಎಂಜಿನ್‌ಗಳಿಗೂ ಈ ಮಾತು ಅನ್ವಯಿಸುತ್ತದೆ. ಅವುಗಳಲ್ಲಿ ಕನೆಕ್ಟಿಂಗ್ ರಾಡಿನ ಮೇಲ್ತುದಿ ಪಿನ್ನಿನ ಬದಲು ಗುಂಡಿನಾಕಾರದಲ್ಲಿದ್ದು ಪಿಸ್ಟನ್ನಿನ ಕುಳಿಯೊಳಗೆ ಕೂತಿರುತ್ತದೆ. ಎಣ್ಣೆ ಸಾಲದಿದ್ದರೆ ಮೊದಲು ಸವೆದು ಸಡಿಲವಾಗುವುದೇ ಆ ಕೀಲು.

ಸೂಜಿಕವಾಟ:

ಕಂಚಿನಬುಷ್ ಅವರು ಹಳೆಯ ಎಂಜಿನ್ನಿನ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅದೇ ಮಾತನ್ನು ಹೊಸ ಎಂಜಿನ್‌ಗಳಿಗೂ ಎಳೆದರೆ ತಪ್ಪು ದಾರಿಗೆ ಹೋಗುತ್ತೇವೆ, ಆದ್ದರಿಂದ ಸಿಂಥೆಟಿಕ್ ಪರವಾಗಿ ಕೆಲವು ಮಾತು ಬರೆಯುತ್ತಿದ್ದೇನೆ.

ಮಾದರಿ ಇಂಧನದಲ್ಲಿ ಬಳಸುವ ಸಿಂಥೆಟಿಕ್ ಎಣ್ಣೆಗಳಲ್ಲಿ ಹೆಚ್ಚಿನವು ಪಾಲಿಆಲ್ಕಿಲೀನ್ ಗ್ಲೈಕಾಲ್ ಜಾತಿಯವು. ಅವೂ ಮೆಥನಾಲ್‌ನಲ್ಲಿ ಚೆನ್ನಾಗಿ ಕರಗುತ್ತವೆ. ಹರಳೆಣ್ಣೆಗಿಂತ ತೆಳುವಾಗಿರುವುದರಿಂದ ಒಳಗಿನ ಎಳೆತ ಕಡಿಮೆ, ಚಳಿಯಲ್ಲೂ ನೀಡಲ್ ವಾಲ್ವಿನ, ಅಂದರೆ ಇಂಧನದ ಹರಿವನ್ನು ಹೊಂದಿಸುವ ಸೂಜಿಯ, ಸೆಟ್ಟಿಂಗ್ ಹೆಚ್ಚು ಬದಲಾಗದು, ಪಿಸ್ಟನ್ನಿನ ತಲೆ ಮತ್ತು ರಿಂಗ್ ಕೂರುವ ತೋಡು ಸ್ವಚ್ಛವಾಗಿ ಉಳಿಯುತ್ತವೆ. ರಿಂಗ್ ಇರುವ ಎಂಜಿನ್ನಿನಲ್ಲಿ ಇದು ಸಣ್ಣ ಲಾಭವಲ್ಲ, ಏಕೆಂದರೆ ಹರಳೆಣ್ಣೆಯ ಅಂಟು ಆ ತೋಡಿನಲ್ಲಿ ತುಂಬಿಕೊಂಡರೆ ರಿಂಗ್ ಅಲ್ಲೇ ಸಿಕ್ಕಿಹಾಕಿಕೊಂಡು ಕಂಪ್ರೆಷನ್ ಬಿದ್ದುಹೋಗುತ್ತದೆ.

ಫೋರ್-ಸ್ಟ್ರೋಕ್‌ನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಇಂಧನ ಕ್ರ್ಯಾಂಕ್ ಕೇಸಿನ ಮೂಲಕ ಹೋಗುವುದಿಲ್ಲ, ನೇರ ಸಿಲಿಂಡರಿನ ತಲೆಗೆ ಹೋಗುತ್ತದೆ. ರಿಂಗಿನ ಪಕ್ಕದಿಂದ ನುಸುಳಿ ಕೆಳಗಿಳಿಯುವ ಎಣ್ಣೆಯೇ ಬೇರಿಂಗ್, ಕ್ಯಾಮ್, ಗೇರುಗಳಿಗೆಲ್ಲ ಗತಿ. ಹೀಗೆ ನುಸುಳಿ ಬಂದ ಎಣ್ಣೆ ಬೇಗ ಹೊರಹೋಗದೆ ಅಲ್ಲಿಯೇ ಸುಳಿದಾಡುವುದರಿಂದ ಅದು ಅಂಟಾಗದೆ ಉಳಿಯಬೇಕು. ಅದೇ ರೀತಿ ಎಕ್ಸಾಸ್ಟ್ ವಾಲ್ವಿನ ಕಾಂಡದ ಮೇಲೆ ಕಪ್ಪು ಇದ್ದಿಲು ಕಟ್ಟಬಾರದು. ಆದ್ದರಿಂದ ನೀಲಿರೆಕ್ಕೆಯವರ ಮೂರನೆಯ ಎಂಜಿನ್ನಿಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಸಿಂಥೆಟಿಕ್ ಇರುವ, ಒಟ್ಟು ಶೇ 18ರಿಂದ 20 ಎಣ್ಣೆಯ ಇಂಧನವೇ ಸರಿ. ತಯಾರಕರ ಕೈಪಿಡಿ ಅದಕ್ಕಿಂತ ಹೆಚ್ಚು ಕೇಳಿದ್ದರೆ ಕೈಪಿಡಿಯ ಮಾತೇ ನಡೆಯಲಿ.

ಸಿಂಥೆಟಿಕ್ ಹಾಕಿ ಎಂಜಿನ್ ಜಾಮ್ ಆಯಿತು ಎಂಬ ದೂರುಗಳ ಹಿಂದೆ ಬಹುತೇಕ ಇರುವುದು ಲೀನ್ ಓಟ. ಪೂರ್ತಿ ವೇಗದ ತುದಿಗೆ ಸೂಜಿಯನ್ನು ಬಿಗಿದು ವಿಮಾನವನ್ನು ಮೇಲೆ ಕಳಿಸಿ, ಆಮೇಲೆ ಎಣ್ಣೆಯನ್ನು ದೂರುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಕಂಚಿನಬುಷ್:

ಲೀನ್ ಓಟವೇ ಮೂಲ ಎನ್ನುವುದು ನಿಜ. ಆದರೆ ಸೂಜಿಕವಾಟ ಅವರೇ, ಆಕಾಶದಲ್ಲಿರುವ ಎಂಜಿನ್ನಿನ ಸೂಜಿಯನ್ನು ಯಾರೂ ಮುಟ್ಟಲಾರರು. ಟ್ಯಾಂಕಿನೊಳಗಿನ ಪೈಪು ತೂತಾದರೆ, ಫಿಲ್ಟರಿನಲ್ಲಿ ಒಂದು ಕಸ ಕೂತರೆ, ನೊರೆ ಎದ್ದರೆ, ಎಷ್ಟೇ ಜಾಗರೂಕರ ಎಂಜಿನ್ ಕೂಡ ಅರ್ಧ ಹಾರಾಟದಲ್ಲಿ ಲೀನ್ ಆಗುತ್ತದೆ. ಆ ಅರ್ಧ ನಿಮಿಷಕ್ಕಾಗಿ ಇಂಧನದಲ್ಲಿ ಶೇ 3ರಿಂದ 5ರಷ್ಟಾದರೂ ಹರಳೆಣ್ಣೆ ಇರಲಿ ಎಂಬುದು ನನ್ನ ಕೋರಿಕೆ. ಅಷ್ಟು ಸಣ್ಣ ಪ್ರಮಾಣದಲ್ಲಿ ಅಂಟಿನ ಕಾಟ ನಗಣ್ಯ. ಸಿಂಥೆಟಿಕ್ ಎಣ್ಣೆಯ ತೊಳೆಯುವ ಗುಣವೇ ಅದನ್ನು ಹದ್ದುಬಸ್ತಿನಲ್ಲಿ ಇಡುತ್ತದೆ.

ನೀಲಿರೆಕ್ಕೆ:

ಇಬ್ಬರಿಗೂ ಧನ್ಯವಾದಗಳು. ಹಾಗಿದ್ದರೆ ನನ್ನ ಡಬ್ಬಕ್ಕೇ ಹರಳೆಣ್ಣೆ ಸೇರಿಸಿಕೊಂಡರೆ ಆಗುತ್ತದೆಯೇ? ಎಷ್ಟು ಸೇರಿಸಬೇಕು? ಔಷಧದ ಅಂಗಡಿಯಲ್ಲಿ ಸಿಗುವ ಹರಳೆಣ್ಣೆ ನಡೆಯುತ್ತದೆಯೇ? ಮತ್ತೊಂದು ಸಂದೇಹ: ಶೇಕಡಾವಾರು ಎಂದರೆ ತೂಕದ ಲೆಕ್ಕವೋ ಅಳತೆಯ ಲೆಕ್ಕವೋ?

ಕಂಚಿನಬುಷ್:

ಕೊನೆಯ ಸಂದೇಹದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಕೇಳದೆಯೇ ಕಲಸುವವರು ಬಹಳ ಮಂದಿ. ಮೆಥನಾಲ್‌ನ ಸಾಂದ್ರತೆ ಮಿಲಿಲೀಟರಿಗೆ ಸುಮಾರು 0.79 ಗ್ರಾಂ, ಹರಳೆಣ್ಣೆಯದು 0.96, ನೈಟ್ರೋಮೀಥೇನ್‌ನದು 1.14. ಆದ್ದರಿಂದ ಅಳತೆಯಲ್ಲಿ 80 ಭಾಗ ಮೆಥನಾಲ್, 20 ಭಾಗ ಹರಳೆಣ್ಣೆ ಸೇರಿಸಿದರೆ ತೂಕದಲ್ಲಿ ಎಣ್ಣೆಯ ಪಾಲು ಶೇ 23ಕ್ಕೂ ಸ್ವಲ್ಪ ಹೆಚ್ಚಾಗುತ್ತದೆ. ಅದನ್ನೇ ತಿರುಗಿಸಿ, ತಕ್ಕಡಿಯಲ್ಲಿ ತೂಗಿ ಶೇ 20 ಎಣ್ಣೆ ಹಾಕಿದರೆ ಅಳತೆಯಲ್ಲಿ ಸಿಗುವುದು ಶೇ 17 ಮಾತ್ರ. ಬುಷ್ ಇರುವ ಎಂಜಿನ್ನಿಗೆ ಶೇಕಡಾ ಲೆಕ್ಕದಲ್ಲಿ ಈ ಮೂರರ ಕೊರತೆ ದೊಡ್ಡದೇ. ಕೈಪಿಡಿಯಲ್ಲಿ ಬೇರೆ ಏನೂ ಹೇಳದಿದ್ದರೆ ಅಳತೆಯ ಲೆಕ್ಕವನ್ನೇ ಹಿಡಿಯಿರಿ. ನಿಮ್ಮ ಡಬ್ಬದ ಮೇಲಿನ ಅಂಕಿ ಯಾವ ಲೆಕ್ಕದ್ದು ಎಂದು ತಯಾರಕರನ್ನು ಒಮ್ಮೆ ಕೇಳಿ ತಿಳಿದುಕೊಳ್ಳುವುದು ಉತ್ತಮ.

ಇನ್ನು ಸೇರಿಸುವ ಲೆಕ್ಕ. 1 ಲೀಟರ್ ಇಂಧನದಲ್ಲಿ ಶೇ 18 ಎಂದರೆ 180 ಮಿಲಿಲೀಟರ್ ಎಣ್ಣೆ ಇದೆ. ಅದನ್ನು ಶೇ 22 ಮಾಡಲು 40 ಮಿಲಿಲೀಟರ್ ಸಾಕು ಎಂದು ತೋರುತ್ತದೆ, ಆದರೆ ಎಣ್ಣೆ ಸೇರಿದಂತೆ ಒಟ್ಟು ಇಂಧನವೂ ಹೆಚ್ಚುವುದರಿಂದ ಸರಿಯಾದ ಉತ್ತರ ಸುಮಾರು 51 ಮಿಲಿಲೀಟರ್. ಆಗ 1,051 ಮಿಲಿಲೀಟರಿನಲ್ಲಿ 231 ಮಿಲಿಲೀಟರ್ ಎಣ್ಣೆ ಇರುತ್ತದೆ, ಅದರಲ್ಲಿ ಐದನೇ ಒಂದು ಪಾಲಿಗಿಂತ ತುಸು ಹೆಚ್ಚು ಹರಳೆಣ್ಣೆ. ನಿಮ್ಮ 7.5 ಸಿಸಿ ಎಬಿಸಿ ಎಂಜಿನ್ನಿಗೆ ಇದು ಹೇಳಿ ಮಾಡಿಸಿದಂತಿದೆ. ಹಳೆಯ 2.5 ಸಿಸಿಗಾಗಿ ಶೇ 25ಕ್ಕೆ ಏರಿಸಬೇಕಾದರೆ ಲೀಟರಿಗೆ ಸುಮಾರು 93 ಮಿಲಿಲೀಟರ್ ಬೇಕು. ಆಗಲೂ ಹರಳೆಣ್ಣೆ ಒಟ್ಟು ಎಣ್ಣೆಯ ಮೂರನೇ ಒಂದು ಪಾಲಷ್ಟೇ ಆಗುವುದರಿಂದ, ಆ ಎಂಜಿನ್ನಿಗೆ ಈ ಡಬ್ಬವನ್ನು ತಿದ್ದುವುದಕ್ಕಿಂತ ಬೇರೆಯದೇ ಇಂಧನ ಇಟ್ಟುಕೊಳ್ಳುವುದು ಮೇಲು: 75 ಭಾಗ ಮೆಥನಾಲ್, 25 ಭಾಗ ಹರಳೆಣ್ಣೆ, ಸಾಮಾನ್ಯವಾಗಿ ನೈಟ್ರೋ ಬೇಡ. ಐಡಲ್ (ನಿಧಾನಗತಿಯ ಓಟ) ತೀರಾ ಒರಟಾಗಿದ್ದರೆ ಮೆಥನಾಲ್‌ನಲ್ಲಿ 5 ಭಾಗ ಕಳೆದು ನೈಟ್ರೋ ಸೇರಿಸಬಹುದು.

ಔಷಧದ ಅಂಗಡಿಯ ಹರಳೆಣ್ಣೆ ಶುದ್ಧವಾಗಿದ್ದರೆ, ಅಂದರೆ ಸುವಾಸನೆ, ಬಣ್ಣ, ಸಿಹಿ ಏನನ್ನೂ ಸೇರಿಸಿರದಿದ್ದರೆ, ನಡೆಯುತ್ತದೆ. ಮೊದಲ ಹಿಂಡಿಕೆಯ, ಅಂಟು ತೆಗೆದು ಸೋಸಿದ ಎಣ್ಣೆ ಸಿಕ್ಕರೆ ಅದು ಇನ್ನೂ ಒಳ್ಳೆಯದು. ಆದರೆ ಒಂದು ವಿಷಯದಲ್ಲಿ ಎಚ್ಚರ ಇರಲಿ. ನೀರಿನಲ್ಲಿ ಬೆರೆಯುವಂತೆ ಗಂಧಕಾಮ್ಲದಿಂದ ಸಂಸ್ಕರಿಸಿದ, ಟರ್ಕಿ ರೆಡ್ ಆಯಿಲ್ ಎಂಬ ಹೆಸರಿನ ಹರಳೆಣ್ಣೆಯೂ ಮಾರಾಟಕ್ಕಿರುತ್ತದೆ. ಅದು ಬಟ್ಟೆಗೆ ಬಣ್ಣ ಹಾಕುವ ಕೆಲಸಕ್ಕೆ, ಎಂಜಿನ್ನಿಗೆ ಅಲ್ಲ. ಯಾವ ಎಣ್ಣೆಯೇ ಆಗಲಿ, ಮೊದಲು ಗಾಜಿನ ಸೀಸೆಯಲ್ಲಿ ಸ್ವಲ್ಪ ಮೆಥನಾಲ್ ಜೊತೆ ಕಲಸಿ ಒಂದು ರಾತ್ರಿ ಇಟ್ಟು ನೋಡಿ. ಬೆಳಿಗ್ಗೆ ಆರಪಾರ ತಿಳಿಯಾಗಿದ್ದರೆ ಸರಿ. ಮಸುಕಾಗಿದ್ದರೆ ಅಥವಾ ತಳದಲ್ಲಿ ಬೇರೆ ಪದರ ಕಂಡರೆ ಅದನ್ನು ಬಳಸಬೇಡಿ.

ಎಣ್ಣೆ ಹೆಚ್ಚಿಸಿದ ಮೇಲೆ ಇಂಧನ ದಪ್ಪವಾಗುತ್ತದೆ. ಅದೂ ಅಲ್ಲದೆ ಒಂದೊಂದು ಹನಿಯಲ್ಲೂ ಉರಿಯುವ ಪಾಲು ಕಡಿಮೆಯಾಗುತ್ತದೆ. ಆದ್ದರಿಂದ ಸೂಜಿಯನ್ನು ಹಿಂದಿನದಕ್ಕಿಂತ ಸ್ವಲ್ಪ ಹೆಚ್ಚು ತೆರೆಯಬೇಕು. ಹಳೆಯ ಸೆಟ್ಟಿಂಗಿನಲ್ಲೇ ಓಡಿಸಿದರೆ ಎಣ್ಣೆ ಹೆಚ್ಚಿಸಿಯೂ ಎಂಜಿನ್ ಲೀನ್ ಆಗಿ ಓಡಿದಂತಾಗುತ್ತದೆ.

ಸೂಜಿಕವಾಟ:

ನೈಟ್ರೋ ವಿಷಯ ಬಂದದ್ದು ಒಳ್ಳೆಯದಾಯಿತು. ಹೆಚ್ಚು ನೈಟ್ರೋ ಇದ್ದಷ್ಟೂ ಇಂಧನ ಉತ್ತಮ ಎಂಬ ಭಾವನೆ ಹೊಸಬರಲ್ಲಿ ಬಲವಾಗಿದೆ, ಅದಕ್ಕೆ ಲೆಕ್ಕದ ಮೂಲಕವೇ ಉತ್ತರಿಸಬಹುದು.

1 ಕಿಲೋ ಇಂಧನ ಪೂರ್ತಿ ಉರಿಯಲು ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಬೇಕು, ಮೆಥನಾಲ್‌ಗೆ ಸುಮಾರು 6.5 ಕಿಲೋ, ನೈಟ್ರೋಮೀಥೇನ್‌ಗೆ ಬರೀ 1.7 ಕಿಲೋ, ಏಕೆಂದರೆ ಅದರ ಅಣುವಿನಲ್ಲೇ ಆಮ್ಲಜನಕ ಇದೆ. ಕಿಲೋ ಲೆಕ್ಕದಲ್ಲಿ ನೈಟ್ರೋ ಕೊಡುವ ಶಾಖ ಪೆಟ್ರೋಲಿನ ಕಾಲು ಭಾಗದಷ್ಟೇ. ಆದರೆ ಎಂಜಿನ್ನಿನ ಶಕ್ತಿಗೆ ಮಿತಿ ಹಾಕುವುದು ಅದು ಒಳಗೆಳೆದುಕೊಳ್ಳಬಲ್ಲ ಗಾಳಿ. ಅಷ್ಟೇ ಗಾಳಿಗೆ ಹೋಲಿಸಿದರೆ ನೈಟ್ರೋ ಮೆಥನಾಲ್‌ಗಿಂತ ಸುಮಾರು ಎರಡು ಪಟ್ಟು ಶಾಖ ಕೊಡುತ್ತದೆ. ಶಕ್ತಿ ಬರುವುದು ಹೀಗೆ. ಆ ಹೆಚ್ಚಿನ ಶಾಖವನ್ನು ಪಿಸ್ಟನ್, ಪ್ಲಗ್, ಬೇರಿಂಗ್‌ಗಳು ಸಹಿಸಬೇಕಾಗುವುದೂ ಅಷ್ಟೇ ನಿಜ. ನೈಟ್ರೋ ಹೆಚ್ಚಿದಂತೆ ಉರಿ ಬೇಗ ಹತ್ತಿಕೊಳ್ಳುತ್ತದೆ, ಹಾಗಾಗಿ ತಲೆಯ ಕೆಳಗೆ ಇನ್ನೊಂದು ತೆಳು ಶಿಮ್ (ಲೋಹದ ಬಿಲ್ಲೆ) ಹಾಕಿ ಕಂಪ್ರೆಷನ್ ಇಳಿಸಬೇಕು, ಪ್ಲಗ್ಗನ್ನೂ ತಣ್ಣನೆಯ ದರ್ಜೆಗೆ ಬದಲಿಸಬೇಕು. ಇದನ್ನು ಮಾಡದೆ ನೈಟ್ರೋ ಮಾತ್ರ ಏರಿಸಿದವರ ಪ್ಲಗ್ ಸುರುಳಿಗಳು ಒಂದರ ಹಿಂದೆ ಒಂದು ಕರಗಿ ಹೋಗುವುದನ್ನು ನೋಡುತ್ತಲೇ ಇದ್ದೇನೆ.

ಮೆಥನಾಲ್ ಏಕೆ ಅನಿವಾರ್ಯ ಎಂಬುದನ್ನೂ ಇಲ್ಲೇ ಹೇಳಬೇಕು. 1947ರಲ್ಲಿ ಅಮೆರಿಕದ ರೇ ಆರ್ಡೆನ್ ಬಳಕೆಗೆ ತಂದ ಗ್ಲೋ ಪ್ಲಗ್ಗಿನ ಜೀವಾಳ ಅದರ ಪ್ಲಾಟಿನಂ ಸುರುಳಿ. ಆರಂಭದಲ್ಲಿ 1.5 ವೋಲ್ಟಿನ ಬ್ಯಾಟರಿ ಅದನ್ನು ಕೆಂಪಗೆ ಕಾಯಿಸುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಬ್ಯಾಟರಿ ತೆಗೆದರೂ ಸುರುಳಿ ಕೆಂಪಾಗಿಯೇ ಉಳಿಯುತ್ತದೆ, ಏಕೆಂದರೆ ಮೆಥನಾಲ್ ಆವಿ ಪ್ಲಾಟಿನಂ ಮೇಲ್ಮೈಯಲ್ಲಿ ವೇಗವರ್ಧಕ ಕ್ರಿಯೆಯಿಂದ ಉರಿದು ಶಾಖ ಕೊಡುತ್ತಲೇ ಇರುತ್ತದೆ. ಪೆಟ್ರೋಲಿನಲ್ಲಿ ಈ ಆಸರೆ ಇಲ್ಲ. ಐಡಲ್‌ನಲ್ಲಿ ಸುರುಳಿ ತಣ್ಣಗಾಗದಂತೆ ನೋಡಿಕೊಳ್ಳುವುದು ನೈಟ್ರೋದ ನಿಜವಾದ ಉಪಕಾರ. ಥ್ರಾಟಲ್ ಇರುವ ಸಾಮಾನ್ಯ ಎಂಜಿನ್ನಿಗೆ ಶೇ 5ರಿಂದ 10 ನೈಟ್ರೋ ಧಾರಾಳವಾಗಿ ಸಾಕು, ಫೋರ್-ಸ್ಟ್ರೋಕಿಗೆ ಶೇ 10ರಿಂದ 15.

ನೈಟ್ರೋ ಇಲ್ಲದಿದ್ದರೆ ವೇಗವೇ ಇಲ್ಲ ಎನ್ನುವವರು ವಿಮಾನವನ್ನು ತಂತಿಯಲ್ಲಿ ಹಿಡಿದು ಸುತ್ತಲೂ ಹಾರಿಸುವ ಅಂತರರಾಷ್ಟ್ರೀಯ ಕಂಟ್ರೋಲ್ ಲೈನ್ ವೇಗ ಸ್ಪರ್ಧೆಯನ್ನು, ಅಂದರೆ ಎಫ್2ಎ ವರ್ಗವನ್ನು ಗಮನಿಸಲಿ. ಅಲ್ಲಿ 2.5 ಸಿಸಿ ಎಂಜಿನ್‌ಗಳಿಗೆ ಸಂಘಟಕರೇ ಕೊಡುವ ಇಂಧನ ಶೇ 80 ಮೆಥನಾಲ್, ಶೇ 20 ಹರಳೆಣ್ಣೆ. ನೈಟ್ರೋ ಒಂದು ಹನಿಯೂ ಇಲ್ಲ. ಆ ವಿಮಾನಗಳು ಗಂಟೆಗೆ 300 ಕಿಲೋಮೀಟರಿನ ಆಸುಪಾಸಿನಲ್ಲಿ ಸುತ್ತುತ್ತವೆ.

ಸೀಮೆಎಣ್ಣೆ:

ಮಾತು ಗ್ಲೋ ಎಂಜಿನ್‌ಗಳ ಸುತ್ತಲೇ ನಡೆದಿದೆ. ಮಾದರಿ ಡೀಸೆಲ್ ಬಗ್ಗೆಯೂ ನಾಲ್ಕು ಮಾತು ಸೇರಿಸುತ್ತೇನೆ, ಏಕೆಂದರೆ ಹಳೆಯ 2.5 ಸಿಸಿ ಎಂಜಿನ್ ಇರುವವರ ಕೈಗೆ ಇಂದಲ್ಲ ನಾಳೆ ಒಂದು ಡೀಸೆಲ್ ಬಂದೇ ಬರುತ್ತದೆ.

ಇಲ್ಲಿ ಪ್ಲಗ್ಗೇ ಇಲ್ಲ. ಒತ್ತಡದ ಶಾಖದಿಂದಲೇ ಉರಿ ಹತ್ತಬೇಕು. ಸೀಮೆಎಣ್ಣೆ ಶಕ್ತಿ ಕೊಡುತ್ತದೆ, ಸುಲಭವಾಗಿ ಹತ್ತಿಕೊಳ್ಳುವ ಈಥರ್ ಉರಿಯನ್ನು ಆರಂಭಿಸುತ್ತದೆ, ಹರಳೆಣ್ಣೆ ಕೀಲೆಣ್ಣೆಯ ಕೆಲಸ ಮಾಡುತ್ತದೆ. ಬುಷ್ ಇರುವ ಹಳೆಯ ಎಂಜಿನ್‌ಗಳಿಗೆ ಮೂರನ್ನೂ ಸಮಪಾಲು ಸೇರಿಸುವುದು ಬಹುಕಾಲದ ರೂಢಿ. ಬಾಲ್ ಬೇರಿಂಗ್ ಇರುವ ಹೊಸ ಎಂಜಿನ್‌ಗಳಿಗೆ ಎಣ್ಣೆಯನ್ನು ಶೇ 20ರ ಸಮೀಪಕ್ಕೆ ಇಳಿಸಿ, ಸೀಮೆಎಣ್ಣೆಯನ್ನು ಅರ್ಧದಷ್ಟಕ್ಕೆ ಏರಿಸಬಹುದು. ಶೇ 1.5ರಿಂದ 2ರಷ್ಟು ಅಮೈಲ್ ನೈಟ್ರೇಟ್ ಅಥವಾ ಐಸೋಪ್ರೊಪೈಲ್ ನೈಟ್ರೇಟ್ ಸೇರಿಸಿದರೆ ಓಟ ನುಣುಪಾಗುತ್ತದೆ. ಗಮನಿಸಬೇಕಾದ ಒಂದು ಸೂಕ್ಷ್ಮ ಇಲ್ಲಿದೆ: ಹರಳೆಣ್ಣೆ ಸೀಮೆಎಣ್ಣೆಯಲ್ಲಿ ತಾನಾಗಿ ಚೆನ್ನಾಗಿ ಕರಗುವುದಿಲ್ಲ, ಎರಡನ್ನೂ ಕೂಡಿಸಿ ಹಿಡಿಯುವುದು ಈಥರ್. ಈಥರ್ 35 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವ ದ್ರವವಾದ್ದರಿಂದ ಸೀಸೆಯ ಮುಚ್ಚಳ ಸಡಿಲವಿದ್ದರೆ ಅದು ಹಾರಿಹೋಗಿ, ಉಳಿದ ಇಂಧನ ಮಸುಕಾಗುತ್ತದೆ, ಪ್ರೊಪೆಲ್ಲರನ್ನು ಕೈಯಿಂದ ಎಷ್ಟು ಸಲ ತಿರುಗಿಸಿದರೂ ಎಂಜಿನ್ ಹತ್ತುವುದಿಲ್ಲ. ಹಳೆಯ ಈಥರಿನಲ್ಲಿ ಸ್ಫೋಟಕ ಪೆರಾಕ್ಸೈಡ್ ಹುಟ್ಟುವ ಭಯವೂ ಇದೆ. ಬೇಕಾದಷ್ಟನ್ನೇ ಕಲಸಿ, ಬೆಂಕಿಯಿಂದ ದೂರ, ತಂಪಾದ ಕತ್ತಲೆಯ ಜಾಗದಲ್ಲಿ ಇಡಿ.

ಪೈಪಿನ ವಿಷಯ ಮರೆಯಬೇಡಿ. ಗ್ಲೋ ಇಂಧನಕ್ಕೆ ಬಳಸುವ ಸಿಲಿಕೋನ್ ಪೈಪು ಸೀಮೆಎಣ್ಣೆಗೂ ಪೆಟ್ರೋಲಿಗೂ ಊದಿಕೊಂಡು ಮೆತ್ತಗಾಗಿ ಕಳಚಿಕೊಳ್ಳುತ್ತದೆ. ಅವಕ್ಕೆ ನಿಯೋಪ್ರೀನ್ ಅಥವಾ ಪೆಟ್ರೋಲ್ ತಡೆಯುವ ಟೈಗಾನ್ ಪೈಪೇ ಬೇಕು. ಟ್ಯಾಂಕಿನ ಬಿರಡೆಗೂ ಇದೇ ಮಾತು.

ಉದ್ದರೆಕ್ಕೆ:

ಪೆಟ್ರೋಲ್ ಎಂಜಿನ್ ಬಳಸುವವನಾಗಿ ನನ್ನದೊಂದು ಚಿಕ್ಕ ಸೇರ್ಪಡೆ. ಕಿಡಿ ಪ್ಲಗ್ಗಿನ ಇಂದಿನ ಟೂ-ಸ್ಟ್ರೋಕ್‌ಗಳಿಗೆ ಜೇಸೋ ಎಂಬ ಜಪಾನಿ ಮಾನದಂಡದ ಎಫ್‌ಡಿ ದರ್ಜೆಯ ಟೂ-ಸ್ಟ್ರೋಕ್ ಎಣ್ಣೆಯನ್ನು (ಪೆಟ್ರೋಲ್ ಮತ್ತು ಎಣ್ಣೆಯ ಅನುಪಾತ) 32:1ರಿಂದ 50:1ರವರೆಗೆ, ಕೈಪಿಡಿ ಹೇಳಿದಂತೆ ಸೇರಿಸಿದರೆ ಸಾಕು. ಚಿಕ್ಕ ಎಂಜಿನ್‌ಗಳಿಗೆ ಕೆಲವು ತಯಾರಕರು 20:1 ಕೇಳುತ್ತಾರೆ. ಗ್ಲೋ ಎಂಜಿನ್ನಿನಲ್ಲಿ ಶೇ 20, ಇಲ್ಲಿ ಶೇ 2 ಅಥವಾ 3 ಏಕೆ ಎಂದು ಹೊಸಬರು ಕೇಳುತ್ತಾರೆ. ಒಂದು ಕಾರಣ, ಅಷ್ಟೇ ಗಾಳಿಗೆ ಮೆಥನಾಲ್ ಎರಡು ಪಟ್ಟಿಗೂ ಹೆಚ್ಚು ಖರ್ಚಾಗುತ್ತದೆ. ಇನ್ನೊಂದು, ಈ ಎಂಜಿನ್‌ಗಳ ಕನೆಕ್ಟಿಂಗ್ ರಾಡಿನಲ್ಲಿ ಸೂಜಿ ಬೇರಿಂಗ್‌ಗಳಿವೆ, ಅವು ಸ್ವಲ್ಪವೇ ಎಣ್ಣೆಯಲ್ಲಿ ಬಾಳುತ್ತವೆ. ಆದರೆ 1947ಕ್ಕಿಂತ ಹಿಂದಿನ ಬುಷ್ ಬೇರಿಂಗಿನ ಕಿಡಿ ಎಂಜಿನ್‌ಗಳಿಗೆ ಮೂರು ಪಾಲು ಪೆಟ್ರೋಲಿಗೆ ಒಂದು ಪಾಲು 70 ದರ್ಜೆಯ ದಪ್ಪ ಖನಿಜ ತೈಲ ಹಾಕುತ್ತಿದ್ದರು ಎಂಬುದನ್ನು ಗಮನಿಸಿ. ಎಣ್ಣೆಯನ್ನು ನಿರ್ಧರಿಸುವುದು ಎಂಜಿನ್ನಿನ ಕಟ್ಟೋಣ ಎಂಬ ಕಂಚಿನಬುಷ್ ಅವರ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಪೆಟ್ರೋಲಿನ ಟೂ-ಸ್ಟ್ರೋಕ್ ಎಣ್ಣೆಯನ್ನು ಮೆಥನಾಲ್‌ಗೆ ಸುರಿಯುವ ಯೋಚನೆ ಯಾರಿಗೂ ಬಾರದಿರಲಿ. ಅದು ಬೇರ್ಪಟ್ಟು ನಿಂತು, ಎಂಜಿನ್ನಿಗೆ ಸ್ವಲ್ಪ ಹೊತ್ತು ಬರೀ ಮೆಥನಾಲ್ ಹೋಗುತ್ತದೆ.

ನೀಲಿರೆಕ್ಕೆ:

ನನ್ನ ಎಬಿಸಿ ಎಂಜಿನ್ ಇನ್ನೂ ಹೊಸದು, ತಣ್ಣಗಿರುವಾಗ ಮೇಲ್ತುದಿಯಲ್ಲಿ ಬಿಗಿಯಾಗಿ ಕಚ್ಚುತ್ತದೆ. ರನ್-ಇನ್ ಮಾಡಲು, ಅಂದರೆ ಆರಂಭದಲ್ಲಿ ಓಡಿಸಿ ಪಳಗಿಸಲು, ಹೆಚ್ಚು ಎಣ್ಣೆಯ ಇಂಧನ ಹಾಕಿ ತುಂಬಾ ರಿಚ್ (ಗಾಳಿಗೆ ಹೋಲಿಸಿದರೆ ಇಂಧನ ಹೆಚ್ಚು) ಆಗಿ ಓಡಿಸಬೇಕೇ? ಹಾರಾಟ ಮುಗಿದ ಮೇಲೆ ಬೇರಿಂಗಿಗೆ ತುಕ್ಕು ಹಿಡಿಯದಂತೆ ಏನು ಮಾಡಬೇಕು?

ಸೂಜಿಕವಾಟ:

ಆ ಬಿಗಿತ ದೋಷವಲ್ಲ. ಎಬಿಸಿ ಲೈನರ್ ಮೇಲ್ತುದಿಗೆ ಹೋದಂತೆ ಬೇಕೆಂದೇ ಕಿರಿದಾಗಿರುತ್ತದೆ. ಬಿಸಿಯಾದಾಗ ಹಿತ್ತಾಳೆ ಹಿಗ್ಗಿ ಪಿಸ್ಟನ್ನಿಗೆ ಸರಿಯಾದ ಅಳತೆ ಕೊಡುತ್ತದೆ. ಆದ್ದರಿಂದ ಇಂಥ ಎಂಜಿನ್ನನ್ನು ತಣ್ಣಗೆ, ಗೊರಗೊರ ಸದ್ದಿನ ತೀರಾ ರಿಚ್ ಸೆಟ್ಟಿಂಗಿನಲ್ಲಿ ಗಂಟೆಗಟ್ಟಲೆ ಓಡಿಸಿದರೆ ಆ ಬಿಗಿಯಾದ ಜಾಗವೇ ಉಜ್ಜಿ ಸವೆಯುತ್ತದೆ. ಆರಂಭದ ಕೆಲವು ಸೆಕೆಂಡಿನ ನಂತರ, ಒಂದೇ ಸಮನಾದ ಟೂ-ಸ್ಟ್ರೋಕ್ ಸದ್ದು ಕೇಳುವಷ್ಟು ಸೂಜಿಯನ್ನು ಬಿಗಿದು, ಆದರೆ ಪೂರ್ತಿ ವೇಗದ ಸೆಟ್ಟಿಂಗಿಗಿಂತ ಸ್ಪಷ್ಟವಾಗಿ ರಿಚ್ ಇಟ್ಟು, ಎರಡು ಮೂರು ನಿಮಿಷದ ಚಿಕ್ಕ ಓಟಗಳನ್ನು ಕೊಟ್ಟು, ನಡುನಡುವೆ ಪೂರ್ತಿ ತಣಿಯಲು ಬಿಡಿ. ಗೊರಗೊರ ರಿಚ್ ಓಟ ಬೇಕಾಗುವುದು ನಿಮ್ಮ ಕಬ್ಬಿಣದ ಪಿಸ್ಟನ್ನಿನ ಎಂಜಿನ್ನಿಗೆ. ಎರಡಕ್ಕೂ ಒಂದೇ ವಿಧಾನ ಹೇಳುವ ಸಲಹೆಗಳನ್ನು ನಂಬಬೇಡಿ.

ಹಾರಿಸುವ ದಿನದ ಸೆಟ್ಟಿಂಗಿಗೆ, ನೆಲದ ಮೇಲೆ ಪೂರ್ತಿ ಥ್ರಾಟಲಿನಲ್ಲಿ ತುದಿಯ ವೇಗ ಕಂಡುಕೊಂಡು, ನಿಮಿಷಕ್ಕೆ 200ರಿಂದ 300 ಸುತ್ತು ಇಳಿಯುವಷ್ಟು ಸೂಜಿ ತೆರೆಯಿರಿ. ಆಮೇಲೆ ಮೂಗನ್ನು ಆಕಾಶಕ್ಕೆ ಎತ್ತಿ ಹಿಡಿದಾಗ ವೇಗ ಬೀಳಬಾರದು. ಬಿದ್ದರೆ ಇನ್ನಷ್ಟು ತೆರೆಯಬೇಕು. ಹಾರುವಾಗ ಹಿಂದೆ ತೆಳುವಾದ ಬಿಳಿ ಹೊಗೆಯ ಗೆರೆ ಕಾಣುತ್ತಿದ್ದರೆ ಎಣ್ಣೆ ಹೊರಬರುತ್ತಿದೆ ಎಂದು ನೆಮ್ಮದಿಯಿಂದಿರಬಹುದು. ಇಳಿದ ಮೇಲೆ ಮಫ್ಲರಿನ ತುದಿಯ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಒತ್ತಿ ನೋಡಿ. ಜೇನಿನ ಬಣ್ಣವಿದ್ದರೆ ಎಲ್ಲ ಸರಿ. ಬೂದು ಅಥವಾ ಕಪ್ಪಾಗಿದ್ದು, ಬೆರಳಿನ ನಡುವೆ ಉಜ್ಜಿದಾಗ ಹೊಳೆಯುವ ಪುಡಿ ಕಂಡರೆ ಒಳಗೆ ಲೋಹ ಸವೆಯುತ್ತಿದೆ.

ಕಂಚಿನಬುಷ್:

ತುಕ್ಕಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಉರಿದಾಗ ನೀರನ್ನೂ ಕೊಡುತ್ತದೆ, ನೈಟ್ರೋ ಇದ್ದರೆ ಅದರ ಜೊತೆ ಆಮ್ಲದ ಅಂಶವೂ ಸೇರುತ್ತದೆ. ಇವೆಲ್ಲ ಬೇರಿಂಗಿನ ಉಕ್ಕಿನ ಮೇಲೆ ಕೂತರೆ ವಾರದೊಳಗೆ ಕೆಂಪು ಚುಕ್ಕಿ ಏಳುತ್ತದೆ. ಆದ್ದರಿಂದ ದಿನದ ಕೊನೆಯ ಓಟದಲ್ಲಿ ಥ್ರಾಟಲ್ ಮುಚ್ಚಿ ನಿಲ್ಲಿಸದೆ, ಇಂಧನದ ಪೈಪು ಕಿತ್ತು, ಒಳಗಿದ್ದದ್ದು ಪೂರ್ತಿ ಉರಿದು ತಾನಾಗಿ ನಿಲ್ಲುವಂತೆ ಮಾಡಿ. ಪ್ಲಗ್ಗಿಗೆ ಬ್ಯಾಟರಿ ಜೋಡಿಸಿ ಮತ್ತೊಮ್ಮೆ ತಿರುಗಿಸಿ, ಉಳಿದ ಹನಿಗಳೂ ಉರಿದುಹೋಗಲಿ. ನಂತರ ಕಾರ್ಬ್ಯುರೇಟರಿನ ಬಾಯಿಗೂ ಪ್ಲಗ್ಗಿನ ತೂತಿಗೂ ಕೆಲವು ಹನಿ ತೆಳು ಯಂತ್ರತೈಲ ಹಾಕಿ, ಪ್ರೊಪೆಲ್ಲರನ್ನು ಕೈಯಿಂದ ಹತ್ತಾರು ಸುತ್ತು ತಿರುಗಿಸಿ. ಫೋರ್-ಸ್ಟ್ರೋಕ್ ಆದರೆ ಕ್ರ್ಯಾಂಕ್ ಕೇಸಿನ ಬ್ರೀದರ್ ನಳಿಕೆಯಿಂದ ಹಾಕುವುದು ಕಡ್ಡಾಯ, ಕಾರ್ಬ್ಯುರೇಟರಿನಿಂದ ಹಾಕಿದ ಎಣ್ಣೆ ಬೇರಿಂಗನ್ನು ತಲುಪುವುದಿಲ್ಲ.

ಹರಳೆಣ್ಣೆ ಬಳಸಿದ ಎಂಜಿನ್ನನ್ನು ಬಹುಕಾಲ ಬಿಟ್ಟಿದ್ದು ಅದು ಅಂಟಿಕೊಂಡಿದ್ದರೆ ಪ್ರೊಪೆಲ್ಲರ್ ಹಿಡಿದು ಬಲವಂತವಾಗಿ ತಿರುಗಿಸಬೇಡಿ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪೋರ್ಟ್‌ಗಳಿಗೆ ಸ್ವಲ್ಪ ಮೆಥನಾಲ್ ಬಿಟ್ಟು ಕೆಲವು ಗಂಟೆ ನೆನೆಯಲು ಇಡಿ. ಅದು ಪೂರ್ತಿ ಆರಿದ ಮೇಲೆ ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿದರೆ ಅಂಟು ಸಡಿಲಾಗುತ್ತದೆ. ಮೆಥನಾಲ್ ಒದ್ದೆ ಇರುವಾಗ ಬಿಸಿ ತೋರಿಸುವುದು ಅಪಾಯ. ಅದರ ಜ್ವಾಲೆ ಹಗಲ ಬೆಳಕಿನಲ್ಲಿ ಕಣ್ಣಿಗೇ ಕಾಣುವುದಿಲ್ಲ.

ಕಲಸುವಾಗಲೂ ಈ ಎಚ್ಚರ ಇರಲಿ. ಕೈಗವಸು ಹಾಕಿ, ಗಾಳಿಯಾಡುವ ಬಯಲಿನಲ್ಲಿ ಕಲಸಿ. ಕೆಲವೇ ಚಮಚ ಮೆಥನಾಲ್ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಬಾಯಿಯಿಂದ ಪೈಪು ಎಳೆದು ಟ್ಯಾಂಕ್ ತುಂಬುವ ಅಭ್ಯಾಸ ಯಾರಿಗಿದ್ದರೂ ಇಂದೇ ಬಿಡಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಇಂಧನ ತುಂಬಬೇಡಿ. ಬಿಗಿಮುಚ್ಚಳದ ಡಬ್ಬದ ಮೇಲೆ ಕಲಸಿದ ದಿನಾಂಕ, ಎಣ್ಣೆಯ ಜಾತಿ, ಪ್ರಮಾಣ ಮೂರನ್ನೂ ಬರೆದು, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ.

ನೀಲಿರೆಕ್ಕೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಾಗಾದರೆ 2.5 ಸಿಸಿಗೆ 75:25 ಹರಳೆಣ್ಣೆ ಮಿಶ್ರಣ ಬೇರೆ ಡಬ್ಬದಲ್ಲಿ. ಎಬಿಸಿಗೆ ಈಗಿರುವ ಇಂಧನಕ್ಕೆ ಲೀಟರಿಗೆ 51 ಮಿಲಿಲೀಟರ್ ಹರಳೆಣ್ಣೆ. ಫೋರ್-ಸ್ಟ್ರೋಕಿಗೂ ಆ ಎಬಿಸಿ ಮಿಶ್ರಣವನ್ನೇ ಹಾಕಿದರೆ ತೊಂದರೆಯಿಲ್ಲವಷ್ಟೇ? ಮೂರು ಡಬ್ಬ ಹೊರುವುದು ತಪ್ಪುತ್ತದೆ.

ಸೂಜಿಕವಾಟ:

ತೊಂದರೆಯಿಲ್ಲ. ಶೇ 22 ಎಣ್ಣೆ ಅದಕ್ಕೆ ಸ್ವಲ್ಪ ಹೆಚ್ಚೇ ಆದರೂ ಹಾನಿ ಮಾಡುವುದಿಲ್ಲ. ಐಡಲ್ ಸೂಜಿಯನ್ನು ಮತ್ತೆ ಹೊಂದಿಸಿಕೊಳ್ಳಿ, ವಾಲ್ವಿನ ಸಡಿಲವನ್ನು ಕೈಪಿಡಿಯ ಪ್ರಕಾರ ಆಗಾಗ ಪರೀಕ್ಷಿಸಿ. ಎಕ್ಸಾಸ್ಟ್ ವಾಲ್ವಿನ ಸುತ್ತ ಇದ್ದಿಲು ಕಟ್ಟುವುದು ಕಂಡರೆ ಮುಂದಿನ ಡಬ್ಬದಲ್ಲಿ ಹರಳೆಣ್ಣೆಯನ್ನು 25 ಮಿಲಿಲೀಟರಿಗೆ ಇಳಿಸಿ.